ಆಷಾಢದ ಗಾಳ್ಯಾಗ ಐದು ಮಹಡಿ ಗಾಜು ತೊಳಿಯೂದು: ಎಷ್ಟು ಗಾಳಿಗೆ ಕೆಲಸ ನಿಲ್ಲಸಬೇಕು?

ಗುಮ್ಮಟದೂರು (ವಿಜಯಪುರ)

ನಮಸ್ಕಾರ್ರಿ ಎಲ್ಲಾರಿಗೂ. ಸೋಲಾಪುರ ರೋಡಿನ ಕಡೆ ಒಂದು ಕಮರ್ಷಿಯಲ್ ಬಿಲ್ಡಿಂಗಿನ ಹೊರಗಿನ ಗಾಜು ತೊಳಿಯೋ ಕಾಂಟ್ರಾಕ್ಟ್ ಐತಿ, ಮೂರು ತಿಂಗಳಿಗೊಮ್ಮಿ. ಗ್ರೌಂಡ್ ಪ್ಲಸ್ ಐದು, ಪ್ಯಾರಾಪೆಟ್ ತನಕ ಸುಮಾರು 20 ಮೀಟರ್ ಎತ್ತರ. ಮೂಲಿ ಮ್ಯಾಲಿನ ಬಿಲ್ಡಿಂಗ್, ಪಶ್ಚಿಮ ಮತ್ತ ದಕ್ಷಿಣದ ಮುಖ ಪೂರ್ತಿ ಗಾಜು, ನಡುನಡುವ ಎಸಿಪಿ (ಅಲ್ಯುಮಿನಿಯಂ ಹಾಳಿ) ಪಟ್ಟಿ. ಭಾಳಷ್ಟು ಗಾಜು ಫಿಕ್ಸ್, ಪ್ರತಿ ಮಹಡಿಗೆ ನಾಕೈದು ಹೊರಗ ತೆರಿಯೋ ಕಿಡಕಿ ಅದಾವ.

ಸಾಮಾನು ಅಂದ್ರ 12 ಮೀಟರಿನ ಕಾರ್ಬನ್ ಪೋಲ್ ಮತ್ತ ಬ್ರಶ್, ಆರ್‌ಓ ಜೊತಿಗೆ ಡಿಐ ಬಾಟ್ಲಿ (ಫಿಲ್ಟರ್ ದಾಟಿ ಉಳದ ಉಪ್ಪು ಹಿಡಿಯೋ ರೆಸಿನ್ ತುಂಬಿದ್ದು), ಕೆಳಗಿನ ಶೋರೂಮಿಗೆ ವೈಪರ್ ಮತ್ತ ಅಲ್ಯುಮಿನಿಯಂ ಏಣಿ. ಪೋಲ್ ಮುಟ್ಟಲಾರದ ಮಹಡಿಗೆ ಬಾಡಗಿ ಜೂಲಾ (ಟೆರೇಸಿನಿಂದ ತಂತಿಗೆ ತೂಗಿ ಏರಿಳಿಯೋ, ಮಂದಿ ನಿಂದ್ರೂ ತೊಟ್ಟಲಾ), ಮಾಡೆಲ್ ಝಡ್‌ಎಲ್‌ಪಿ 630.

ಈಗ ಮುಂಜಾನೆ ಹತ್ತರ ಮ್ಯಾಲೆ ಪಡುವಣ ಗಾಳಿ ಬಿಡವಲ್ದು. ಫೋನಿನ್ಯಾಗ 22 ಕಿ.ಮೀ. ಅಂತ ತೋರಿಸ್ತೈತಿ, ಟೆರೇಸಿಗೆ ಹೋದ್ರ ಟೊಪ್ಪಿಗಿ ನಿಲ್ಲಂಗಿಲ್ಲ. ಪೋಲ್ ಮೂರನೇ ಮಹಡಿಗೆ ಹೋದಕೂಡ್ಲೆ ಬಿಲ್ಲಿನಂಗ ಬಾಗತೈತಿ. ತೊಳದ ಗಾಜು ಒಣಗಿದ ಮ್ಯಾಲೆ ಧೂಳಿನ ಗೆರಿ, ಅಲ್ಲಲ್ಲಿ ಬಿಳಿ ಚುಕ್ಕಿ. ಮ್ಯಾನೇಜರ್ ಸಾಹೇಬ್ರು ‘ಜೂಲಾ ಬಾಡಗಿ ಓಡಾಕತ್ತೈತಿ, ಮಂದಿನ್ನ ಹತ್ತಸ್ರಿ’ ಅಂತಾರ. ಯಾವ ಅಂಕಿಗೆ ನಿಲ್ಲಸಬೇಕು, ನಿಲ್ಲಸದ ಹೊತ್ತಿನ್ಯಾಗ ಕೆಲಸ ಹೆಂಗ ಚೊಕ್ಕ ಮಾಡಬೇಕು, ತಿಳದಾವ್ರು ಹೇಳ್ರಿ.


ಹಗ್ಗ_ಜೂಲಾ (ಬೆಳಗಾವಿ)

ಅಂಕಿ ಮೊದಲು. ಝಡ್‌ಎಲ್‌ಪಿ ಜಾತಿಯ ಜೂಲಾದ ಮ್ಯಾನ್ಯುವಲ್‌ನಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 8.3 ಮೀಟರ್ ಅಂತ ಇರುತ್ತೆ, ಅಂದರೆ ತಾಸಿಗೆ 30 ಕಿ.ಮೀ. ನಿಮ್ಮ ಬಾಡಿಗೆಯವರ ಹತ್ತಿರ ಆ ಪುಟ ಕೇಳಿ ಇಸಿದುಕೊಳ್ಳಿ. ಅದರಲ್ಲಿ ಇನ್ನೂ ಕಡಿಮೆ ಇದ್ದರೆ ಅದೇ ಲೆಕ್ಕ. ಹೊರಗಿನ ಕೆಲಸಕ್ಕೆ ಅಂತ ಮಾಡಿದ ಬೂಮ್ ಲಿಫ್ಟಿಗೆ 12.5 ಮೀಟರ್, ಅಂದರೆ 45 ಕಿ.ಮೀ. ಬರೆದಿರುತ್ತಾರೆ. ಅದನ್ನು ತೋರಿಸಿ ‘ಅಲ್ಲಿ 45ಕ್ಕೂ ನಡೆಯುತ್ತಲ್ಲ’ ಅಂತ ಜೂಲಾಗೆ ಹಚ್ಚುವವರು ಸಿಗುತ್ತಾರೆ. ಬೂಮ್ ಲಿಫ್ಟ್ ಬುಟ್ಟಿಗೆ ಕಬ್ಬಿಣದ ತೋಳು ಇದೆ, ಜೂಲಾ ತಂತಿ ಮೇಲೆ ತೂಗುತ್ತೆ. ಎರಡರ ಅಂಕಿ ಒಂದಕ್ಕೊಂದು ಸಂಬಂಧವೇ ಇಲ್ಲ.

ಇನ್ನು ಫೋನಿನ 22. ಅದು ಬಯಲಿನಲ್ಲಿ ನೆಲದಿಂದ 10 ಮೀಟರ್ ಎತ್ತರದ ಸರಾಸರಿ. ನಿಮ್ಮ 20 ಮೀಟರಿಗೆ ಅದು ಸುಮಾರು ಐದನೇ ಒಂದು ಭಾಗ ಹೆಚ್ಚು, 26 ಅಂತ ಹಿಡಿಯಿರಿ. ನಡುನಡುವೆ ಹೊಡೆಯುವ ಬೀಸು ಸರಾಸರಿಯ ಒಂದೂವರೆ ಪಟ್ಟಿರುತ್ತೆ, ಅಲ್ಲಿಗೆ 38–40. ಜೂಲಾದ ಮಿತಿ ಯಾವಾಗಲೋ ದಾಟಿತು, ಫೋನು ಇನ್ನೂ 22 ಅನ್ನುತ್ತಲೇ ಇರುತ್ತೆ. ಮಿತಿಯನ್ನು ಬೀಸಿನ ಜೊತೆ ಹೋಲಿಸಬೇಕು, ಸರಾಸರಿ ಜೊತೆ ಅಲ್ಲ.

ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತೆ ಅನ್ನೋದನ್ನು ಮ್ಯಾನೇಜರಿಗೆ ಕಾಗದದ ಮೇಲೆ ಬರೆದು ತೋರಿಸಿ. ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ ವೇಗದ ವರ್ಗ ಮಾಡಿ 0.6ರಿಂದ ಗುಣಿಸಿದರೆ ಒಂದು ಚದರ ಮೀಟರಿಗೆ ಎಷ್ಟು ನ್ಯೂಟನ್ ಅಂತ ಬರುತ್ತೆ. 8.3ಕ್ಕೆ 41 ನ್ಯೂಟನ್, 40 ಕಿ.ಮೀ.ಗೆ 74. ಇಬ್ಬರು ಆಳು, ಬಕೆಟ್, ರೇಲಿಂಗ್ ಸೇರಿ ಗಾಳಿಗೆ ಎದುರಾಗುವ ಜಾಗ ಎರಡೂವರೆ ಚದರ ಮೀಟರ್ ಅಂದರೂ ಹತ್ತು ಕಿಲೋ ತಳ್ಳುವುದು ಹತ್ತೊಂಬತ್ತು ಆಯಿತು. ಬಿಸಿಲಿಗೆ ಅಂತ ರೇಲಿಂಗಿಗೆ ಹಸಿರು ಶೇಡ್ ನೆಟ್ ಕಟ್ಟುವ ಚಟ ಇದೆಯಲ್ಲ, ಆರು ಮೀಟರ್ ಉದ್ದ ಒಂದು ಮೀಟರ್ ಎತ್ತರದ ನೆಟ್ ಒತ್ತಾಗಿದ್ದರೆ 30 ಕಿ.ಮೀ.ಗೇ ಇನ್ನೊಂದು 20–25 ಕಿಲೋ ಸೇರಿಸುತ್ತೆ. ಕಂಪನಿ ಬ್ಯಾನರ್ ಕಟ್ಟಿದರಂತೂ ಮುಗಿದೇ ಹೋಯಿತು. ಅದು ಮೊದಲು ಬಿಚ್ಚಿಸಿ.

ಅಳೆಯೋದಕ್ಕೆ ಕೈಯಲ್ಲಿ ಹಿಡಿಯುವ ಸಣ್ಣ ಫ್ಯಾನಿನ ಮೀಟರ್ ಸಾಕು. ಸರಾಸರಿ, ಗರಿಷ್ಠ ಎರಡೂ ತೋರಿಸುವಂಥದ್ದು ಇರಲಿ. ಪ್ಯಾರಾಪೆಟ್ ಮರೆಯಲ್ಲಿ ನಿಂತು ಹಿಡಿದರೆ ಸುಳ್ಳು ಅಂಕಿ ಬರುತ್ತೆ. ಟೆರೇಸಿನಲ್ಲಿ ಪ್ಯಾರಾಪೆಟ್ ತಲೆಗಿಂತ ಕೈ ಎತ್ತರ ಮಾಡಿ, ಮೈಯನ್ನು ಪಕ್ಕಕ್ಕೆ ಸರಿಸಿ ಎರಡು ನಿಮಿಷ ಹಿಡಿಯಿರಿ, ಗರಿಷ್ಠ ಬರೆದುಕೊಳ್ಳಿ. ಮತ್ತೆ ಪಶ್ಚಿಮ ಮತ್ತು ದಕ್ಷಿಣ ಕೂಡುವ ಮೂಲೆಯಲ್ಲಿ ಇನ್ನೊಮ್ಮೆ. ಗಾಳಿ ಮುಖಕ್ಕೆ ಹೊಡೆದು ಮೂಲೆಯಲ್ಲಿ ಹೊರಳುವಾಗ ಜೋರಾಗುತ್ತೆ, ಗೋಡೆ ನಡುವಿಗಿಂತ ಒಂದೂವರೆ ಪಟ್ಟು ಕಂಡರೂ ಆಶ್ಚರ್ಯ ಇಲ್ಲ. ಪಕ್ಕದ ಕಟ್ಟಡದ ಜೊತೆ ಸಂದಿ ಇದ್ದರೆ ಅಲ್ಲೂ ಹಾಗೆ. ಆದ್ದರಿಂದ ಒಂದೇ ದಿನ ಗೋಡೆಯ ನಡುಭಾಗ ಮಾಡಬಹುದು, ಮೂಲೆಯ ಎರಡು ಮೂರು ಮೀಟರ್ ಮಾಡಲಾಗದು. ಪೂರ್ತಿ ಮುಖ ಒಂದೇ ಸಲ ಮುಗಿಸಲೇಬೇಕು ಅನ್ನುವ ಹಟ ಬೇಡ.

ಎದುರು ಗಾಳಿಯ ಗೋಡೆಯಲ್ಲಿ ಇನ್ನೊಂದು ಚಮತ್ಕಾರ: ಎತ್ತರದ ಮುಕ್ಕಾಲು ಭಾಗದ ಕೆಳಗೆ ಬಡಿದ ಗಾಳಿ ಗಾಜಿನ ಗುಂಟ ಕೆಳಕ್ಕೆ ಜಾರುತ್ತೆ. ಹಾಗಾಗಿ ನೆಲದಲ್ಲಿ ಪೋಲ್ ಹಿಡಿದವನಿಗೆ ರಸ್ತೆ ಆಚೆ ಇರುವವನಿಗಿಂತ ಜಾಸ್ತಿ ಗಾಳಿ ಹೊಡೆಯುತ್ತೆ. ಗಾಳಿ ಮರೆಯ ಗೋಡೆ ಶಾಂತ ಅನಿಸಿದರೂ ಸುಳಿ ಇರುತ್ತೆ. ಹಗ್ಗದ ತುದಿ ಮೇಲಕ್ಕೆ ಎದ್ದು ಎಸಿ ಔಟ್‌ಡೋರಿಗೋ ಬೋರ್ಡಿಗೋ ಸಿಕ್ಕಿಬೀಳೋದು ಅಲ್ಲೇ. ಹಗ್ಗದಲ್ಲಿ ಇಳಿಯುವವರು ಉಳಿದ ಹಗ್ಗವನ್ನು ಚೀಲದಲ್ಲಿ ತುಂಬಿ ಸೊಂಟಕ್ಕೆ ಕಟ್ಟಿಕೊಳ್ಳಬೇಕು, ಇಲ್ಲವೇ ಕೆಳಗೆ ಒಬ್ಬ ಹಿಡಿದಿರಬೇಕು. ಗಾಜಿಗೆ ಅಂಟಿಸುವ ಸಕ್ಷನ್ ಕಪ್ ಜಾಗ ಕದಲದಂತೆ ಇರೋದಕ್ಕೆ ಮಾತ್ರ. ಧೂಳಿನ ಗಾಜಿನ ಮೇಲೆ ಅದು ಯಾವಾಗ ಬಿಡುತ್ತೆ ಹೇಳಲಿಕ್ಕಾಗದು, ಭಾರ ಅದರ ಮೇಲೆ ಹಾಕುವ ಮಾತೇ ಇಲ್ಲ.

ಜೂಲಾ ಹತ್ತುವ ಮುಂಚೆ ನಾಲ್ಕು ಕಡೆ ಕಣ್ಣು ಹಾಯಿಸಿ. ತಂತಿಯ ಕೆಳಗಿನ ತೂಕ ನೆಲದಿಂದ ಗೇಣಷ್ಟು ಮೇಲೆ ತೂಗುತ್ತಿರಬೇಕು, ನೆಲಕ್ಕೆ ಕೂತಿದ್ದರೆ ತಂತಿ ಸಡಿಲಾಗಿ ಗಾಳಿಗೆ ಕುಣಿಯುತ್ತೆ. ಗಾಜಿನ ಕಡೆಯ ರಬ್ಬರ್ ಗಾಲಿ ಎರಡೂ ತುದಿಗೆ ಇರಲಿ, ಇಲ್ಲದಿದ್ದರೆ ಮೊದಲ ಬೀಸಿಗೇ ರೇಲಿಂಗ್ ಹೋಗಿ ಗಾಜಿಗೆ ಕುಟ್ಟುತ್ತೆ. ಟೆರೇಸಿನಲ್ಲಿ ಜೂಲಾ ಮಗುಚದಂತೆ ಹಿಂದೆ ಇಟ್ಟ ತೂಕದ ತುಂಡು ಎಣಿಸಿ. ಯಾರೋ ಎರಡು ತೆಗೆದು ಬಾಗಿಲಿಗೆ ಒತ್ತಾಗಿ ಇಟ್ಟಿರುತ್ತಾರೆ. ಒಬ್ಬೊಬ್ಬರ ಹಾರ್ನೆಸ್ ಜೂಲಾಗೆ ಅಲ್ಲ, ಟೆರೇಸಿನಲ್ಲಿ ಬೇರೆಯದೇ ಕಂಬಕ್ಕೋ ಬೀಮಿಗೋ ಕಟ್ಟಿದ ಲೈಫ್‌ಲೈನಿಗೆ, ರೋಪ್ ಗ್ರ್ಯಾಬ್ (ಬಿದ್ದರೆ ಹಗ್ಗ ಕಚ್ಚಿ ಹಿಡಿಯುವ ಕ್ಲಿಪ್) ಮೂಲಕ. ಹಾರ್ನೆಸ್ ಮೇಲೆ ಐಎಸ್ 3521 ಗುರುತು ಇರಲಿ. ಊಟಕ್ಕೆ ಬಿಟ್ಟರೂ ಜೂಲಾ ನೆಲಕ್ಕೆ ಇಳಿಸಿ ಕಟ್ಟಿಹಾಕಿ. ನಡುವೆ ತೂಗುಬಿಟ್ಟ ಖಾಲಿ ಜೂಲಾ ಹಗುರ, ಅದಕ್ಕೇ ಜಾಸ್ತಿ ಹೊಡೆದಾಡುತ್ತೆ.


ನವನಗರ_ನೀರು (ಬಾಗಲಕೋಟೆ)

ಜೂಲಾದ್ದು ಮ್ಯಾಲಿನವ್ರು ಹೇಳ್ಯಾರ, ನಾ ಪೋಲಿಂದು ಹೇಳ್ತೀನ್ರಿ.

ಪೋಲ್ ಬಾಗೂದು ದೊಡ್ಡ ತ್ರಾಸಲ್ಲ. ಬ್ರಶ್ ಗಾಜಿಗೆ ಊರಿರೋ ತನಕ ಪೋಲಿಗೆ ಎರಡು ಕಡೆ ಆಸರ ಇರ್ತೈತಿ. ತ್ರಾಸ ಬರೂದು ಒಂದು ಕಿಡಕಿಯಿಂದ ಇನ್ನೊಂದಕ್ಕ ದಾಟೂವಾಗ. 12 ಮೀಟರ್ ಪೋಲ್ ನೆಟ್ಟಗ ನಿಲ್ಲಿಸಿ, ಬುಡ ನೆಲಕ್ಕ ಊರಿ, ಎದಿ ಎತ್ತರದಾಗ ಹಿಡದ್ರ, 30 ಕಿ.ಮೀ. ಗಾಳಿಗೆ ಕೈಮ್ಯಾಲೆ ಸುಮಾರು 10 ಕಿಲೋ ಬೀಳತೈತಿ. 45 ಕಿ.ಮೀ. ಬೀಸು ಬಂತಂದ್ರ ಅದ 22 ಕಿಲೋ ಆಕ್ಕೈತಿ, ಅದೂ ಒಮ್ಮಿಂದೊಮ್ಮೆಲೆ. ಬುಡ ಎತ್ತಿ ಕೈಯಾಗ ಹಿಡ್ಕೊಂಡು ನಡದ್ರ ಇನ್ನೂ ಜಾಸ್ತಿ. ಅದಕ್ಕ ಎಷ್ಟ ಅವಸರ ಇದ್ರೂ ಎರಡು ಮೂರು ತುಂಡು ಇಳಿಸಿ, ಆಮ್ಯಾಲೆ ಸರೀರಿ, ಮತ್ತ ಏರಸ್ರಿ. ಏರಸೂವಾಗ ಬ್ರಶ್ ಗ್ವಾಡಿಗೆ ಆನಿಸಿ ಮ್ಯಾಲಿನ ಸಣ್ಣ ತುಂಡು ಮೊದಲು ಎಳೀರಿ. ಕ್ಲ್ಯಾಂಪ್ ಸಡಿಲಿದ್ರ ಗಾಳಿಗೆ ತುಂಡು ತಿರಗತೈತಿ, ಬ್ರಶ್ ಅಡ್ಡ ಹೋಗತೈತಿ. ಮುಂಜಾನೆ ಕೆಲಸಕ್ಕ ಹತ್ತೂ ಮುಂಚೆ ಎಲ್ಲಾ ಕ್ಲ್ಯಾಂಪ್ ಒಮ್ಮಿ ತಿರುವಿ ನೋಡ್ರಿ.

ನಮ್ಮ ಲೆಕ್ಕ ಕೇಳ್ತೀರಂದ್ರ, ಪೂರ್ತಿ 12 ಮೀಟರಿಗೆ ಬೀಸು 25 ದಾಟಿದ್ರ ಇಳಸೂದು, ಎರಡನೇ ಮಹಡಿ ಬುಡದ ತನಕ ಅಂದ್ರ 6–7 ಮೀಟರಿಗೆ 35ರ ತನಕ ನಡಸೂದು. ಇದು ಪುಸ್ತಕದ ಅಂಕಿ ಅಲ್ಲ. ಮೀಟರ್ ಇಲ್ಲದಾಗ ಗಿಡಾ ನೋಡ್ರಿ: ಎಲಿ, ಸಣ್ಣ ಟಿಸಿಲು ಒಂದೇ ಸವನ ಅಲಗಾಡತಿದ್ರ 12ರಿಂದ 19, ಧೂಳಾ, ಕಾಗದ ಏಳಾಕತ್ತಿದ್ರ 20ರಿಂದ 28, ಸಣ್ಣ ಬೇವಿನ ಗಿಡಾನ ತೂಗಾಕತ್ತಿದ್ರ 29ರ ಮ್ಯಾಲೆ. ಧೂಳಾ ಎದ್ದ ಮ್ಯಾಲೆ ಸುರಕ್ಷತಾ ಬಿಡ್ರಿ, ಗಾಜು ಚೊಕ್ಕ ಆಗೂ ಮಾತೂ ಮುಗೀತು. ಬಾಗಲಕೋಟಿ ಹಿನ್ನೀರಿನ ದಂಡಿಗೆ ಗಾಳಿ ಜೋರಿದ್ರೂ ಧೂಳಾ ಕಡಿಮಿ, ನಿಮ್ಮ ಕಡೆ ಎರಿ ಹೊಲದ ಧೂಳಾ ಅಂದ್ರ ಹಿಟ್ಟು.

ನಿಂದ್ರೂ ಜಾಗ: ಗ್ವಾಡಿಯಿಂದ ಎತ್ತರದ ನಾಕನೇ ಒಂದು ಭಾಗ ಹಿಂದ, 12 ಮೀಟರಿಗೆ 3 ಮೀಟರ್. ಇನ್ನೂ ಹಿಂದ ಹೋದ್ರ ಬಾಗೂದು ಹೆಚ್ಚಾಗತೈತಿ, ಭಾಳ ಸನೇಕ ಬಂದ್ರ ಬೀಸಿಗೆ ಬ್ರಶ್ ಗಾಜು ಬಿಡತೈತಿ. ಗಾಳಿ ಗಾಜಿನ ಗುಂಟ ಅಡ್ಡ ಬೀಸತಿದ್ರ ಗಾಳಿ ಬರೂ ಕಡೆಯ ತುದಿಯಿಂದ ಚಾಲೂ ಮಾಡಿ ಗಾಳಿ ಹೋಗೂ ಕಡೆ ಸರೀರಿ. ಹಾರಿದ ಹನಿ ತೊಳೀಲಾರದ ಗಾಜಿನ ಮ್ಯಾಲೆ ಬಿದ್ರ ಏನಾತು, ಹೆಂಗೂ ತೊಳಿಯೂದ ಐತಿ. ಉಲ್ಟಾ ಮಾಡಿದ್ರ ತೊಳದದ್ದ ಮತ್ತ ಹೊಲಸು.

ಬ್ರಶ್ಶಿನ್ಯಾಗ ನೀರು ಅಗಲಾಗಿ ಸಿಂಪಡಿಸೋ ಜೆಟ್ ಇದ್ರ ತಗದು ನೆಟ್ಟಗ ಹೊಡಿಯೋ ಸಣ್ಣ ತೂತಿನ ಜೆಟ್ ಹಾಕ್ರಿ. ಅಗಲ ಜೆಟ್ಟಿನ ನೀರು ಮಂಜಾಗಿ ರಸ್ತೆ ಪಾಲಾಗತೈತಿ. ನೀರಿನ ಪೈಪ್ ಪೋಲಿನ ಒಳಗ ಹಾಯಿಸ್ರಿ, ಹೊರಗ ಜೋತಬಿದ್ದ ಪೈಪಿಗೂ ಗಾಳಿ ಹಿಡಿತೈತಿ. ಶಾಂತ ದಿನ ನಿಮಿಷಕ್ಕ ಎರಡು ಲೀಟರ್ ಸಾಕಾದ್ರ ಗಾಳಿ ದಿನ ಎರಡೂವರಿ–ಮೂರು ಇಟ್ಕೋರಿ. ಕಡೀಗೆ ನೀರು ಹಾಯಿಸೂವಾಗ ಬ್ರಶ್ ಎತ್ತಬ್ಯಾಡ್ರಿ, ಗಾಜಿಗೆ ಹಗುರಕ ತಾಗಿಸಿಕೊಂಡ ಮ್ಯಾಲಿಂದ ಕೆಳಗ ಬರ್ರಿ.

ಈಗ ನಿಮ್ಮ ಗೆರಿ, ಚುಕ್ಕಿ. ಕಲೀ ಎಲ್ಲಿ ಬಿದ್ದೈತಿ ಅನ್ನೂದ ಕಾರಣ ಹೇಳತೈತಿ. ಗಾಜಿನ ಮ್ಯಾಲಿನ ಅಂಚಿನಿಂದ ನೆಟ್ಟಗ ಇಳದ ಗೆರಿ ಇದ್ರ ಮ್ಯಾಲಿನ ಫ್ರೇಮ್ ಮತ್ತ ರಬ್ಬರ್ ಪಟ್ಟಿ ತೊಳದಿಲ್ಲ. ಅಲ್ಲಿ ಕುಂತ ಮಣ್ಣಿನ ನೀರು ನೀವು ಹೋದ ಹತ್ತು ನಿಮಿಷಕ್ಕ ಗಾಳಿಗೆ ಅಲಗಿ ಇಳೀತೈತಿ. ಮ್ಯಾಲಿನ ಎಸಿಪಿ ಜೋಡಣಿ, ಫ್ರೇಮ್ ಮೊದಲು ತಿಕ್ಕಿ ತೊಳದು, ಕೆಳಗ ಇಳಿಯೂ ನೀರು ತಿಳಿಯಾಗೂ ತನಕ ಗಾಜು ಮುಟ್ಟಬ್ಯಾಡ್ರಿ. ಗಾಜಿನ ತುಂಬ ಸಮಾಗಿ ಬಿಳಿ ಚುಕ್ಕಿ ಇದ್ರ ನೀರಿಂದು. ಕಂದು ಬಣ್ಣದ ಚುಕ್ಕಿ, ಮುಟ್ಟಿದ್ರ ಬೆರಳಿಗೆ ಹತ್ತೂವಂಥಾದ್ದು, ಗಾಳಿ ಎದುರಿನ ಮುಖಕ್ಕ ಅಷ್ಟ ಇದ್ರ ಒದ್ದಿ ಗಾಜಿಗೆ ಧೂಳಾ ಅಂಟಿದ್ದು. ಇದಕ್ಕ ಔಷಧ ಇಲ್ಲ, ಹೊತ್ತು ಬದಲಿ ಮಾಡಬೇಕು ಅಷ್ಟ.

ನೀರಿಗೆ ಟಿಡಿಎಸ್ (ಕರಗಿದ ಉಪ್ಪಿನ ಅಂಶ) ಅಳಿಯೋ ಮೀಟರ್ ಹಚ್ಚಿ ನೋಡ್ರಿ. ಬ್ರಶ್ಶಿನ ತುದಿಗೆ ಬರೂ ನೀರು ಸೊನ್ನಿ ಇರಬೇಕು, 10 ದಾಟಿದ್ರ ರೆಸಿನ್ ಮುಗೀತು. ವಿಜಾಪುರದ ಕಡೆ ಬೋರಿನ ನೀರು ನಾಕಂಕಿ ತೋರಿಸೂದು ಹೊಸಾದಲ್ಲ. 1000 ಇರೋ ನೀರು ಸೀದಾ ಡಿಐ ಬಾಟ್ಲಿಗೆ ಬಿಟ್ರ ಒಂದು ಲೀಟರ್ ರೆಸಿನ್ 25–30 ಲೀಟರ್ ನೀರಿಗೆ ಸಾಯತೈತಿ. ಅದ ನೀರು ಮೊದಲು ಆರ್‌ಓದಾಗ 30ಕ್ಕ ಇಳಿಸಿ ಕೊಟ್ರ 800–900 ಲೀಟರ್ ಬರತೈತಿ. ಆರ್‌ಓ ಮೆಂಬ್ರೇನ್ ಹಳೇದಾಗಿ 100 ಬಿಡಾಕತ್ತಿದ್ರ ರೆಸಿನ್ ಖರ್ಚು ಮೂರು ಪಟ್ಟು ಅಂತ ತಿಳೀರಿ. ಆರ್‌ಓದ ಮುಂದ, ಹಿಂದ ಎರಡೂ ಕಡೆ ಅಂಕಿ ಬರದಿಡ್ರಿ.

ಮರೀಬ್ಯಾಡ್ರಿ, ಕಾರ್ಬನ್ ಪೋಲಿಗೆ ಕರೆಂಟ್ ಹರೀತೈತಿ. ಬಿಲ್ಡಿಂಗ್ ಮುಂದ 11 ಕೆವಿ ಲೈನ್ ಇದ್ರ ಪೋಲ್ ಬಿದ್ರೂ ಮುಟ್ಟಲಾರದಷ್ಟು ದೂರ ಇರಬೇಕು. ಅಷ್ಟು ಜಾಗ ಇಲ್ಲಂದ್ರ ಹೆಸ್ಕಾಂ ಸೆಕ್ಷನ್ ಆಫೀಸಿನ್ಯಾಗ ಅರ್ಜಿ ಕೊಟ್ಟು ಲೈನ್ ಕ್ಲಿಯರ್ (ಆ ಲೈನಿನ ಕರೆಂಟ್ ಬಂದ್ ಮಾಡಿಸೂದು) ತಗೊಂಡ ಮಾಡೂದು. ಗಾಳಿ ದಿನ ‘ಇವತ್ತೊಂದಿನ ಹುಷಾರಾಗಿ ಮಾಡೂಣು’ ಅನ್ನೂದು ಬ್ಯಾಡ.


ಗುಮ್ಮಟದೂರು (ವಿಜಯಪುರ)

ಭಾಳ ಉಪಕಾರ ಆತ್ರಿ ಇಬ್ಬರಿಗೂ. ಟಿಡಿಎಸ್ ನೋಡಿದೆ, ಆರ್‌ಓ ನಂತರ 85, ಡಿಐ ನಂತರ 14. ಅಲ್ಲೇ ತಪ್ಪು ಐತಿ.

ಇನ್ನ ಎರಡು ಕೇಳೂದಿತ್ತು. ಕೆಳಗಿನ ಶೋರೂಮ್ ಗಾಜು ದೊಡ್ಡದು, 1.5 ಮೀಟರ್ ಅಗಲ 3 ಮೀಟರ್ ಎತ್ತರ, ಅಲ್ಲಿ ವೈಪರ್ ಎಳೀಬೇಕಂದ್ರ ಸಾಬಣ್ ನೀರು ಅರ್ಧಕ್ಕ ಒಣಗತೈತಿ. ಮತ್ತ ಒಳಗ ಆಫೀಸಿನಾವ್ರು ನೀರು ಬಂತು ಅಂತ ಗಲಾಟಿ ಮಾಡ್ಯಾರ, ಎರಡನೇ ಮಹಡಿಯಾಗ ಟೇಬಲ್ ಮ್ಯಾಲಿನ ಕಾಗದ ತೊಯ್ದಾವಂತ.


ಟಿಳಕವಾಡಿ_ವೈಪರ್ (ಬೆಳಗಾವಿ)

ಒಳಗೆ ನೀರು ಬರೋದು ಮೊದಲು. ಆ ಮಹಡಿಯಲ್ಲಿ ಸ್ಲೈಡಿಂಗ್ ಕಿಟಕಿಯೂ ಇದ್ದರೆ ಅದರ ಟ್ರ್ಯಾಕಿನ ಹೊರಬದಿಗೆ ನೀರು ಹೋಗಲಿಕ್ಕೆ ಸಣ್ಣ ತೂತು ಇರ್ತಾವ. ನಿಮ್ಮ ಕಡೆ ಅದರಲ್ಲಿ ಎರೆಮಣ್ಣು ಗಟ್ಟಿಯಾಗಿ ಕೂತಿರುತ್ತೆ. ನೀರು ಟ್ರ್ಯಾಕಿನಲ್ಲಿ ನಿಲ್ಲುತ್ತೆ, ಮೇಲೆ ಗಾಳಿಯ ಒತ್ತಡ ಅದನ್ನು ಒಳಬದಿಯ ಅಂಚು ದಾಟಿಸುತ್ತೆ. 45 ಕಿ.ಮೀ. ಗಾಳಿ ನೀರನ್ನು ಸುಮಾರು 9 ಮಿ.ಮೀ. ಎತ್ತಬಲ್ಲದು, ಅಂಚೇ ಅಷ್ಟಿರೋದಿಲ್ಲ ಎಷ್ಟೋ ಕಡೆ. ಒಳಗಿಂದ ಟ್ರ್ಯಾಕಿನ ಮಣ್ಣು ವ್ಯಾಕ್ಯೂಮ್ ಮಾಡಿಸಿ, ತೂತಿಗೆ ತಂತಿ ಹಾಕಿ ಬಿಡಿಸಿ, ಆಮೇಲೆ ಹೊರಗೆ ನೀರು ಹಾಕಿ. ಹೊರಗೆ ತೆರೆಯುವ ಕಿಟಕಿಗಳಿಗೆ ಒಳಗಿಂದ ಚಿಲಕ ಹಾಕಿಸೋದು ನಿಮ್ಮ ಒಬ್ಬ ಹುಡುಗ ಮಹಡಿ ಮಹಡಿ ನಡೆದು ನೋಡಬೇಕಾದ ಕೆಲಸ, ಸೆಕ್ಯೂರಿಟಿಯವರ ಮಾತಿನ ಮೇಲೆ ಬಿಡಬೇಡಿ. ಚಿಲಕ ಇಲ್ಲದ ಕಿಟಕಿ ಬೀಸಿಗೆ ತೆರೆದುಕೊಂಡು ಜೂಲಾದಲ್ಲಿದ್ದವನ ಮುಖಕ್ಕೇ ಬಡಿಯುತ್ತೆ.

ಶೋರೂಮ್ ಗಾಜಿಗೆ ಏಣಿಯೇ ಬೇಡ. ವೈಪರಿಗೆ ಎರಡು ಮೀಟರಿನ ಕೋಲು ಹಾಕಿದರೆ ನೆಲದಿಂದಲೇ 3 ಮೀಟರ್ ಸಲೀಸಾಗಿ ಮುಟ್ಟುತ್ತೆ. ಮುಂದೆ ಗ್ರಾನೈಟ್ ಹಾಸು ಇದ್ದು ಸಾಬೂನು ನೀರು ಬಿದ್ದರೆ ಏಣಿಯ ಕಾಲು ಜಾರಲಿಕ್ಕೆ ಗಾಳಿಯೂ ಬೇಕಾಗಿಲ್ಲ. ಎಲ್ಲೋ ಒಂದು ಕಡೆ ಏಣಿ ಹಾಕಲೇಬೇಕಾದರೆ ನಾಲ್ಕಕ್ಕೆ ಒಂದರ ಇಳಿಜಾರು, ತುದಿ ಗಾಜಿಗಲ್ಲ ಕಂಬಕ್ಕೆ ಆನಿಸಿ ಕಟ್ಟಬೇಕು, ಬುಡದಲ್ಲಿ ಒಬ್ಬ. ಇಳಿದ ಮೇಲೆ ಏಣಿ ನೆಲಕ್ಕೆ ಮಲಗಿಸಿಬಿಡಿ, ಆನಿಸಿಟ್ಟ ಖಾಲಿ ಅಲ್ಯುಮಿನಿಯಂ ಏಣಿ ಶೋರೂಮ್ ಗಾಜಿನ ಕಡೆಗೇ ಬೀಳೋದು.

ಒಣಗೋ ತೊಂದರೆಗೆ: 10 ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಮಾಮೂಲಿ ಒಂದು ಚಮಚ, ಅಂದರೆ 5 ಎಂಎಲ್ ಹಾಕ್ತೀವಿ, ಗಾಳಿ ದಿನ ಅದನ್ನು ಎರಡು ಮಾಡಿ. ಅದಕ್ಕೂ ಜಾಸ್ತಿ ಹಾಕಿದರೆ ನೊರೆ ಅಂಚಿನಲ್ಲಿ ಉಳಿದು ಅದಕ್ಕೆ ಧೂಳು ಹಿಡಿಯುತ್ತೆ. ಗಾಜನ್ನು ಮೇಲೆ ಅರ್ಧ, ಕೆಳಗೆ ಅರ್ಧ ಅಂತ ಎರಡು ಭಾಗ ಮಾಡಿಕೊಳ್ಳಿ. ಮೇಲಿನ ಅರ್ಧಕ್ಕೆ ನೀರು ಧಾರಾಳ ಹಚ್ಚಿ, ತಿಕ್ಕಿ, ಮತ್ತೊಮ್ಮೆ ಬಟ್ಟೆ ಅದ್ದಿ ಹಚ್ಚಿ, ಆಗ ಎಳೆಯಿರಿ. ಎಳೆಯುವ ಮುಂಚೆ ಮೇಲಂಚು ಮತ್ತು ಗಾಳಿ ಬರುವ ಕಡೆಯ ಅಂಚಿನಲ್ಲಿ ಎರಡು ಬೆರಳಗಲ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ಒಣಗಿಸಿಕೊಳ್ಳಿ, ವೈಪರ್ ಅಲ್ಲಿಂದ ಶುರುವಾದರೆ ತುದಿಯಲ್ಲಿ ಗೆರೆ ಹುಟ್ಟೋದಿಲ್ಲ. ಹಾವಿನಂತೆ ಹೊರಳಿಸಿ ಎಳೆಯುವ ಕೈಚಳಕ ಗಾಳಿ ದಿನಕ್ಕೆ ಬರೋದಿಲ್ಲ. ಗಾಳಿ ಬರುವ ಅಂಚಿನಿಂದ ಶುರು ಮಾಡಿ ಮೇಲಿಂದ ಕೆಳಕ್ಕೆ ನೇರ ಪಟ್ಟಿ ಎಳೆಯಿರಿ, ವೈಪರನ್ನು ತುಸು ಓರೆ ಹಿಡಿದರೆ ನೀರು ಇನ್ನೂ ಎಳೆಯದ ಕಡೆಗೆ ಸರಿಯುತ್ತೆ. ಪ್ರತಿ ಪಟ್ಟಿ ಹಿಂದಿನದರ ಮೇಲೆ ಎರಡು ಇಂಚು ಹತ್ತಲಿ.

ಬಿಸಿ ಗಾಜಿಗೆ ಗಟ್ಟಿ ರಬ್ಬರ್ ಹಾಕಿ, ಮೆತ್ತನೆಯದು ಬಿಸಿಗೆ ಅಂಟಿಕೊಂಡು ಕಟಕಟ ಅಂತ ಜಿಗಿಯುತ್ತೆ. ನೀರು ಹಚ್ಚುವ ಬಟ್ಟೆಗೆ ಎರಡು ಬಕೆಟ್ ಇಡಿ: ಒಂದರಲ್ಲಿ ಬರೀ ನೀರು, ಅದರಲ್ಲಿ ಜಾಲಿಸಿ ಹಿಂಡಿ, ಆಮೇಲೆ ಸಾಬೂನಿನದರಲ್ಲಿ ಅದ್ದಿ. ಗಾಳಿ ದಿನ ಬಟ್ಟೆಯಲ್ಲಿ ಮರಳಿನ ಕಣ ಕೂರುತ್ತೆ, ಅದೇ ಬಟ್ಟೆಯಿಂದ ತಿಕ್ಕಿದರೆ ಟಫನ್ಡ್ ಗಾಜಿಗೂ ಗೀರು ಬೀಳುತ್ತೆ. ಒಣ ಗಾಜಿನ ಮೇಲೆ ಬ್ಲೇಡ್ ಅಂತೂ ಯಾವ ದಿನವೂ ಬೇಡ.

ಹೊತ್ತಿನ ವಿಚಾರ. ಪಶ್ಚಿಮದ ಗೋಡೆಗೆ ನಸುಕಿನಲ್ಲಿ ನೆರಳು ಇರುತ್ತೆ, ಗಾಳಿಯೂ ದಿನದ ಕಡಿಮೆ ಇರೋದು ಆಗಲೇ. ನೆಲ ಕಾದ ಮೇಲೆ ಮೇಲಿನ ಗಾಳಿ ಕೆಳಕ್ಕೆ ಬೆರೆತು ಹತ್ತರಿಂದ ಏರುತ್ತಾ ಮಧ್ಯಾಹ್ನ ಜೋರಾಗುತ್ತೆ. ಆರಕ್ಕೆ ಶುರು ಮಾಡಿ ಎಂಟೂವರೆಗೆ ಪಶ್ಚಿಮ ಬಿಡಿ, ಆಮೇಲೆ ಮರೆಯ ಕಡೆ ಪೂರ್ವದ ಗೋಡೆಯೋ ಒಳಗಿನ ಗಾಜೋ ಮಾಡಿ. ನವನಗರದವರು 12 ಮೀಟರಿಗೆ 25 ಅಂದಿದ್ದಾರೆ, ಮೂಲೆ ಕಟ್ಟಡಕ್ಕೆ ನಾನಾದರೆ 20ಕ್ಕೇ ಇಳಿಸುತ್ತೇನೆ. ರಸ್ತೆ ಮೇಲೆ ಮಂದಿ ಓಡಾಡುವ ಜಾಗ ಅದು. ಹನಿ ಬೀಳುವ ಜಾಗಕ್ಕೂ ಅಷ್ಟೇ ಗಮನ ಬೇಕು. 20 ಮೀಟರ್ ಮೇಲಿಂದ ಬಿದ್ದ ಸಾಬೂನಿನ ಹನಿ ಗಾಳಿಗೆ ಇನ್ನೊಂದು 20 ಮೀಟರ್ ಆಚೆ ನಿಲ್ಲಿಸಿದ ಕಾರಿನ ಮೇಲೆ ಒಣಗಿ ಕೂರುತ್ತೆ. ಹಗ್ಗ ಕಟ್ಟಿ ಜಾಗ ಬಂದ್ ಮಾಡುವಾಗ ಗಾಳಿ ಹೋಗುವ ದಿಕ್ಕಿಗೆ ಎರಡು ಪಟ್ಟು ಬಿಡಿ, ವೈಪರ್, ಬಟ್ಟೆ, ಬ್ಲೇಡ್ ಎಲ್ಲಕ್ಕೂ ದಾರ ಕಟ್ಟಿ.


ಹಗ್ಗ_ಜೂಲಾ (ಬೆಳಗಾವಿ)

ವೈಪರ್‌ನವರ 20 ಒಪ್ಪಿದೆ.

ಒಂದು ಸೇರಿಸ್ತೀನಿ. ಆಷಾಢದ ಗಾಳಿ ಜೋರಿದ್ದರೂ ಒಂದೇ ಸಮ ಬೀಸುತ್ತೆ, ಅಳೆದು ನಿರ್ಧಾರ ಮಾಡಬಹುದು. ಮೋಸ ಮಾಡೋದು ಏಪ್ರಿಲ್–ಮೇ ತಿಂಗಳ ಸಂಜೆ ಗುಡುಗು ಮಳೆ. ಆ ಮೋಡದಿಂದ ಕೆಳಗಿಳಿದ ತಂಪು ಗಾಳಿ ಮಳೆಗಿಂತ ಹತ್ತು ಹದಿನೈದು ನಿಮಿಷ ಮುಂಚೆ ಬರುತ್ತೆ, ನಿಶ್ಚಲ ಸೆಕೆಯಿಂದ ಒಮ್ಮೆಲೆ 50 ದಾಟಬಹುದು. ಮೀಟರಿನಲ್ಲಿ ಅದರ ಸುಳಿವೇ ಸಿಗೋದಿಲ್ಲ. ಜೂಲಾ ನಿಮಿಷಕ್ಕೆ 9 ಮೀಟರಿನಷ್ಟು ಇಳಿಯುತ್ತೆ, ಐದನೇ ಮಹಡಿಯಿಂದ ನೆಲಕ್ಕೆ ಎರಡು ನಿಮಿಷದ ಮೇಲೆ, ಕಟ್ಟಿಹಾಕಲಿಕ್ಕೆ ಇನ್ನೈದು. ಮೊದಲ ಗುಡುಗು ಕೇಳಿದ ಕೂಡಲೇ ಇಳಿಯಬೇಕು, ಧೂಳಿನ ಗೋಡೆ ಕಂಡ ಮೇಲೆ ಅಲ್ಲ. ಸಿಡಿಲಿಗೆ ‘ದಾಮಿನಿ’ ಆ್ಯಪ್ ಇದೆ, ಸುತ್ತಲಿನ ಸಿಡಿಲು ತೋರಿಸುತ್ತೆ. ಕೆಳಗೆ ನಿಂತವನ ಫೋನಿನಲ್ಲಿ ಇರಲಿ.

ಮ್ಯಾನೇಜರಿಗೆ ಮುಂದಿನ ಸಲ ಕೊಟೇಶನ್ನಿನಲ್ಲೇ ಬರೆದುಕೊಡಿ: ‘ಟೆರೇಸಿನಲ್ಲಿ ಅಳೆದ ಗಾಳಿಯ ಬೀಸು 30 ಕಿ.ಮೀ. ದಾಟಿದರೆ ಜೂಲಾ ಕೆಲಸ ನಿಲ್ಲುತ್ತದೆ, ಅಳೆಯುವವರು ನಮ್ಮ ಸೂಪರ್‌ವೈಸರ್, ಕೆಲಸಕ್ಕೆ ಒಂದೇ ದಿನ ಅಲ್ಲ ಮೂರು ದಿನದ ಅವಕಾಶ, ನಿಂತ ದಿನದ ಜೂಲಾ ಬಾಡಿಗೆ ಕಟ್ಟಡದವರದ್ದು, ಆಳಿನ ಅರ್ಧ ಕೂಲಿ ನಮ್ಮದು.’ ಪಾಲು ನೀವು ಚೌಕಾಶಿ ಮಾಡಿಕೊಳ್ಳಿ, ಆದರೆ ಅಂಕಿ ಮತ್ತು ಯಾರು ಅಳೆಯಬೇಕು ಅನ್ನೋದು ಕಾಗದದಲ್ಲಿ ಇರಲೇಬೇಕು. ನಿಲ್ಲಿಸಿದಾಗ ಮೀಟರಿನ ಅಂಕಿ ಮತ್ತು ಹೊತ್ತು ಕಾಣುವಂತೆ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿ. ಹಾಗೆಯೇ ಆಳುಗಳ ಡಬ್ಲ್ಯೂಸಿ ಪಾಲಿಸಿ (ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡುವ ವಿಮೆ) ತೆಗೆದು ಎತ್ತರದ ಮಿತಿ ಏನಾದರೂ ಹಾಕಿದ್ದಾರಾ ನೋಡಿ. ಕೆಲವರಿಗೆ ‘ಹೌಸ್‌ಕೀಪಿಂಗ್’ ಅಂತ ಅಗ್ಗದ ಪಾಲಿಸಿ ಕೊಟ್ಟಿರುತ್ತಾರೆ, ಜೂಲಾ ಹತ್ತಿದವನಿಗೆ ಅದು ಬರುತ್ತೋ ಇಲ್ಲವೋ ಬರಹದಲ್ಲಿ ಕೇಳಿ.


ಗುಮ್ಮಟದೂರು (ವಿಜಯಪುರ)

ಕೊಟೇಶನ್ ಮಾತು ಬರಕೊಂಡ್ನಿರಿ. ಕಡೀ ಪ್ರಶ್ನಿ: ದಕ್ಷಿಣದ ಮುಖದಾಗ ಮೂರು ಸಾಲು ಗಾಜಿಗೆ ಹಳೇ ಬಿಳಿ ಕಲೀ ಐತಿ, ಸೊನ್ನಿ ಟಿಡಿಎಸ್ ನೀರಿಗೂ ಹೋಗವಲ್ದು. ಆಸಿಡ್ ಹಚ್ಚಬೇಕಂತಾರ ಹುಡುಗ್ರು.


ನವನಗರ_ನೀರು (ಬಾಗಲಕೋಟೆ)

ಗಾಳಿ ಇರೋ ದಿನ ಆಸಿಡ್ ಬಾಟ್ಲಿ ಮುಚ್ಚಳಾನ ತಗೀಬ್ಯಾಡ್ರಿ. ಹನಿ ಹಾರಿ ಎಸಿಪಿ, ಅಲ್ಯುಮಿನಿಯಂ ಫ್ರೇಮ್ ಮ್ಯಾಲೆ ಬಿದ್ರ ಕಪ್ಪು-ಬಿಳಿ ಕಲೀ ಕಾಯಂ. ಕೆಳಗ ಶಾಬಾದಿ ಪರಸಿ ಹಾಸಿದ್ರ ಅದು ಸುಣ್ಣದ ಕಲ್ಲು, ಆಸಿಡ್ ಬಿದ್ದಲ್ಲಿ ನೊರಿ ಬಂದು ಹೊಳಪು ಹೋಗತೈತಿ. ಟಾಯ್ಲೆಟ್ ಆಸಿಡ್ ಅಂತೂ ಬ್ಯಾಡೇ ಬ್ಯಾಡ.

ಶಾಂತ ದಿನ ನಸುಕಿನ್ಯಾಗ ಒಂದು ಗಾಜಿನ ಮೂಲಿಗೆ ಅಂಗೈಯಷ್ಟು ಜಾಗದಾಗ ಮೊದಲು ನೋಡ್ರಿ. ಒಂದು ಲೀಟರ್ ನೀರಿಗೆ 50 ಗ್ರಾಂ ಸಲ್ಫಾಮಿಕ್ ಆಸಿಡ್ ಪುಡಿ, ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಚಷ್ಮಾ. ಸಿಂಪಡಸಬಾರದು, ಸ್ಪಂಜಿಗೆ ಹಚ್ಕೊಂಡು ಗಾಜಿಗೆ ಅಷ್ಟ ಒರಸಬೇಕು, ಒಂದೆರಡು ನಿಮಿಷ ಬಿಟ್ಟು ಬಿಳಿ ನೈಲಾನ್ ಪ್ಯಾಡಿನಿಂದ ತಿಕ್ಕಿ ಧಾರಾಳ ನೀರು ಹಾಕಬೇಕು. ಫ್ರೇಮ್ ಮೊದಲ ತೊಯ್ಸಿಟ್ಟಿರಬೇಕು. ಹೊರಗಿನ ಬದಿಗೆ ರಿಫ್ಲೆಕ್ಟಿವ್ ಲೇಪ ಇರೋ ಗಾಜಾದ್ರ ಇದೂ ಬ್ಯಾಡ, ಗಾಜು ಹಾಕಿದಾವ್ರನ್ನ ಕೇಳ್ರಿ.

ಕಲೀ ಹೋತಂದ್ರ ಅದು ನೀರಿನ ಸುಣ್ಣ. ಹೋಗಲಿಲ್ಲ, ಉಗರು ಎಳದ್ರ ತರತರ ಹತ್ತತೈತಿ ಅಂದ್ರ ಗಾಜ ತಿಂದುಹೋಗೈತಿ. ಸಿಮೆಂಟ್ ನೀರು ಇಳದು ಹಂಗ ಬಿಟ್ಟಲ್ಲಿ ಹಿಂಗ ಆಗತೈತಿ. ಅದಕ್ಕ ಸೀರಿಯಂ ಆಕ್ಸೈಡ್ ಪಾಲಿಶ್ ಒಂದ ದಾರಿ, ಎತ್ತರದಾಗ ಅದು ಖರ್ಚಿನ ಕೆಲಸ, ಹೆಚ್ಚು ತಿಕ್ಕಿದ್ರ ಗಾಜಿನ್ಯಾಗ ನೋಟ ಸೊಟ್ಟ ಕಾಣತೈತಿ. ಮೂರು ಸಾಲಿಗೆ ಅಷ್ಟ ಐತಿ ಅಂದ್ರಿ, ಹಂಗಾರ ಟೆರೇಸಿಗೆ ಹೋಗಿ ಟ್ಯಾಂಕಿನ ಓವರ್‌ಫ್ಲೋ ಪೈಪ್ ಮತ್ತ ಕೂಲರಿನ ನೀರು ಎಲ್ಲಿ ಇಳೀತೈತಿ ನೋಡ್ರಿ. ಪೈಪ್ ಆ ಸಾಲಿನ ಮ್ಯಾಲೇ ಇದ್ರ ಪ್ಲಂಬರನ್ನ ಕರದು ಅದನ್ನ ತಿರುವಸ್ರಿ, ಆಸಿಡ್ ಆಮ್ಯಾಲೆ.